ನಿರಾಕರಣೆಯ ಪರೀಕ್ಷೆ: ಮಹಮೂದ ಗಾವಾನನ ಮುದ್ರೆಯೂ ಗಣಕಯಂತ್ರದ ಅಪವಾದವೂ

1. ವಿಷಯ ಪ್ರವೇಶ

ಯಾವುದೇ ನಿಯಮದ ಯೋಗ್ಯತೆಯನ್ನು ನಾವು ಸಾಮಾನ್ಯವಾಗಿ ಒಂದೇ ಬಗೆಯಿಂದ ಅಳೆಯುತ್ತೇವೆ. ಸರಿಯಾದುದನ್ನು ಅದು ಒಪ್ಪಿಕೊಳ್ಳುತ್ತದೆಯೇ ಎಂದು ನೋಡಿ, ಒಪ್ಪಿಕೊಂಡರೆ ತೃಪ್ತರಾಗುತ್ತೇವೆ. ಒಪ್ಪಬಾರದುದನ್ನು ಅದು ತಡೆಯುತ್ತದೆಯೇ ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಕೋಟೆಯ ಬಾಗಿಲು ಮಿತ್ರರಿಗೆ ತೆರೆಯಿತೆಂಬುದರಿಂದ ಅದು ಶತ್ರುವಿಗೆ ಮುಚ್ಚಿರುತ್ತದೆಂದು ಸಿದ್ಧವಾಗುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೇಳುವ ಪದ್ಧತಿಯೊಂದು ನಮ್ಮ ಕಾಲದಲ್ಲಿ ಗಣಕಯಂತ್ರದ ಕ್ರಮವಿಧಿಗಳನ್ನು ರಚಿಸುವವರಲ್ಲಿ ಬೆಳೆದು ಬಂದಿದೆ. ತಪ್ಪು ಸಾಮಗ್ರಿಯನ್ನು ಬೇಕೆಂದೇ ಕೊಟ್ಟು, ಕ್ರಮವಿಧಿಯು ಅದನ್ನು ನಿರಾಕರಿಸುತ್ತದೆಯೇ ಎಂದು ಪರೀಕ್ಷಿಸುವುದೇ ಆ ಪದ್ಧತಿ. ಪ್ರಸ್ತುತ ಪ್ರಬಂಧದಲ್ಲಿ ಅದರ ಇತಿಹಾಸವನ್ನು ಸಂಕ್ಷೇಪವಾಗಿ ನಿರೂಪಿಸಿ, ಅದರ ಅಗತ್ಯವನ್ನು ಬೀದರದ ಇತಿಹಾಸದ ಒಂದು ದಾರುಣ ಪ್ರಸಂಗದ ಬೆಳಕಿನಲ್ಲಿ ವಿವೇಚಿಸುವುದು ನಮ್ಮ ಉದ್ದೇಶ.

ಗಣಕ ಶಾಸ್ತ್ರದಲ್ಲಿ 'ಎಕ್ಸೆಪ್ಶನ್' ಎಂದು ಕರೆಯುವುದನ್ನು ಇಲ್ಲಿ 'ಅಪವಾದ' ಎಂದು ಕರೆದಿದ್ದೇವೆ. ಈ ಶಬ್ದವು ನಮ್ಮಲ್ಲಿ ಎರಡು ಅರ್ಥಗಳಲ್ಲಿ ರೂಢಿಯಲ್ಲಿದೆ. ವ್ಯಾಕರಣದಲ್ಲಿ ಉತ್ಸರ್ಗವೆಂಬ ಸಾಮಾನ್ಯ ನಿಯಮಕ್ಕೆ ಹೊರತಾದುದು ಅಪವಾದ. ಲೋಕ ವ್ಯವಹಾರದಲ್ಲಿ ನಿರಪರಾಧಿಯ ಮೇಲೆ ಹೊರಿಸಿದ ನಿಂದೆಯೂ ಅಪವಾದವೇ. ಮುಂದೆ ಹೇಳಲಿರುವ ಪ್ರಸಂಗದಲ್ಲಿ ಮೊದಲನೆಯ ಅರ್ಥದ ಅಪವಾದವು ಇಲ್ಲದೆ ಹೋದುದರಿಂದಲೇ ಎರಡನೆಯ ಅರ್ಥದ ಅಪವಾದವು ಒಬ್ಬ ಮಹಾಪುರುಷನ ಪ್ರಾಣವನ್ನು ಅಪಹರಿಸಿತು.

2. ಕ್ರಿ.ಶ. 1481ರ ಪ್ರಸಂಗ

ಬಹಮನಿ ರಾಜ್ಯದ ಪ್ರಧಾನಿಯಾಗಿದ್ದ ಖ್ವಾಜಾ ಮಹಮೂದ ಗಾವಾನನ ಹೆಸರನ್ನು ಬೀದರದಲ್ಲಿ ಅರಿಯದವರಿಲ್ಲ. ಇರಾನಿನ ಗೀಲಾನ ಪ್ರಾಂತದವನಾದ ಈತನು 1453ರ ಸುಮಾರಿಗೆ ಬೀದರಕ್ಕೆ ಬಂದು, ತನ್ನ ಯೋಗ್ಯತೆಯಿಂದಲೇ ಉನ್ನತ ಪದವಿಗೇರಿದನು. 1472ರಲ್ಲಿ ಈತನು ಕಟ್ಟಿಸಿದ ಮದರಸಾ, ಭಗ್ನವಾಗಿದ್ದರೂ, ಇಂದಿಗೂ ನಗರದ ಮಧ್ಯದಲ್ಲಿ ನಿಂತಿದೆ. ರಾಜ್ಯದ ನಾಲ್ಕು ತರಫಗಳನ್ನು ಎಂಟಾಗಿ ವಿಭಜಿಸಿ, ಪ್ರತಿಯೊಬ್ಬ ತರಫದಾರನ ಕೈಯಲ್ಲಿ ಒಂದೇ ಕೋಟೆಯನ್ನು ಉಳಿಸಿ, ಮಿಕ್ಕವನ್ನು ಸುಲ್ತಾನನ ನೇರ ಅಧೀನಕ್ಕೆ ತಂದವನೂ, ಭೂಮಿಯನ್ನು ಅಳೆಯಿಸಿ ಗ್ರಾಮಗಳ ಎಲ್ಲೆಗಳನ್ನು ಗೊತ್ತುಪಡಿಸುವ ಕಾರ್ಯವನ್ನು ಕೈಗೊಂಡವನೂ ಈತನೇ. ಈ ಸುಧಾರಣೆಗಳಿಂದ ಸ್ವೇಚ್ಛೆಯನ್ನು ಕಳೆದುಕೊಂಡ ಸರದಾರರು ಈತನ ವೈರಿಗಳಾದುದು ಸಹಜ. ದಖನಿಗಳಿಗೂ ಅಫಾಕಿಗಳೆಂಬ ಪರದೇಶಿಗಳಿಗೂ ಇದ್ದ ಕಲಹವು ಆ ವೈರಕ್ಕೆ ತುಪ್ಪವೆರೆಯಿತು.

ವಿಜಾಪುರದ ಆಸ್ಥಾನದಲ್ಲಿದ್ದು ತನ್ನ ಗ್ರಂಥವನ್ನು ರಚಿಸಿದ ಫಿರಿಸ್ತಾನು ಈ ಸಂಚಿನ ವಿವರವನ್ನು ಕೊಟ್ಟಿದ್ದಾನೆ. ಘಟನೆಯಾಗಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬರೆದುದಾದುದರಿಂದ ಅದರ ಒಂದೊಂದು ಮಾತನ್ನೂ ಪ್ರಮಾಣವೆಂದು ಹಿಡಿಯಲಾಗದು. ಆದರೆ ಸುಳ್ಳು ಪತ್ರವೊಂದು ಗಾವಾನನ ಮರಣಕ್ಕೆ ಕಾರಣವಾಯಿತೆಂಬ ಮುಖ್ಯ ಸಂಗತಿಯನ್ನು ಇತಿಹಾಸಕಾರರು ಒಪ್ಪಿದ್ದಾರೆ. ಫಿರಿಸ್ತಾನ ಪ್ರಕಾರ, ಸಂಚುಗಾರರು ಪ್ರಧಾನಿಯ ಮುದ್ರೆಯನ್ನು ಕಾಯುತ್ತಿದ್ದ ಹಬ್ಶಿ ಸೇವಕನ ಸ್ನೇಹವನ್ನು ಕಾಣಿಕೆಗಳಿಂದ ಸಂಪಾದಿಸಿದರು. ಆತನು ಮದ್ಯದ ಅಮಲಿನಲ್ಲಿದ್ದ ಸಮಯವನ್ನು ನೋಡಿ, ಮಡಿಸಿದ ಒಂದು ಕಾಗದವನ್ನು ಮುಂದಿಟ್ಟು, ಇದಕ್ಕೆ ಇತರ ಕಚೇರಿಗಳ ಮುದ್ರೆಗಳು ಆಗಿವೆ, ನಿನ್ನ ಒಡೆಯನ ಮುದ್ರೆಯೊಂದೇ ಬಾಕಿ ಎಂದು ನಂಬಿಸಿದರು. ಆತನು ಕಾಗದವನ್ನು ಬಿಡಿಸಿ ನೋಡದೆ ಮುದ್ರೆಯನ್ನೊತ್ತಿದನು. ಬರಿದಾಗಿದ್ದ ಆ ಕಾಗದದ ಮೇಲೆ, ಒರಿಸ್ಸಾದ ಅರಸನನ್ನು ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಆಹ್ವಾನಿಸುವ ಒಕ್ಕಣೆಯನ್ನು ಗಾವಾನನ ಹೆಸರಿನಲ್ಲಿ ಬರೆಯಿಸಲಾಯಿತು.

ಪತ್ರವು ಮೂರನೆಯ ಮುಹಮ್ಮದ ಷಹನ ಕೈಗೆ ಮುಟ್ಟಿತು. ಸುಲ್ತಾನನು ಗಾವಾನನನ್ನು ಕರೆಯಿಸಿ ಪತ್ರವನ್ನು ತೋರಿಸಿದಾಗ, ಮುದ್ರೆಯು ತನ್ನದೆಂದೂ ಬರಹವು ತನ್ನದಲ್ಲವೆಂದೂ ಆ ವೃದ್ಧ ಮಂತ್ರಿಯು ಹೇಳಿದನು. ಹೆಚ್ಚಿನ ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಪಾಳೆಯದಲ್ಲಿ ಗಾವಾನನ ಶಿರಚ್ಛೇದವಾಯಿತು. ಸತ್ಯವನ್ನರಿತು ಪಶ್ಚಾತ್ತಾಪಪಟ್ಟ ಸುಲ್ತಾನನು ಮುಂದಿನ ವರ್ಷವೇ ಮರಣ ಹೊಂದಿದನು. ಅನಂತರ ಒಂದು ದಶಕ ಕಳೆಯುವಷ್ಟರಲ್ಲಿ ವಿಜಾಪುರ, ಅಹಮದನಗರ, ಬೇರಾರಗಳ ತರಫದಾರರು ಸ್ವತಂತ್ರರಾಗತೊಡಗಿದರು. ಪತ್ರಲೇಖನ ಕಲೆಯನ್ನು ಕುರಿತು 'ಮನಾಜಿರುಲ್ ಇನ್ಶಾ' ಎಂಬ ಗ್ರಂಥವನ್ನು ಬರೆದವನು ತಾನು ಬರೆಯದ ಪತ್ರಕ್ಕೆ ಬಲಿಯಾದುದು ವಿಧಿಯ ವಿಡಂಬನೆಯೆನ್ನಬೇಕು.

3. ಕೊರತೆ ಎಲ್ಲಿದ್ದಿತು?

ಈ ದುರಂತಕ್ಕೆ ಸಂಚುಗಾರರ ದ್ವೇಷವನ್ನೂ ಸುಲ್ತಾನನ ದುಡುಕನ್ನೂ ಕಾರಣವಾಗಿ ಹೇಳುವುದು ವಾಡಿಕೆ. ಅವು ಕಾರಣಗಳೇ ಸರಿ. ಆದರೆ ವ್ಯವಸ್ಥೆಯ ದೃಷ್ಟಿಯಿಂದ ನೋಡಿದರೆ ಬೇರೊಂದು ಕೊರತೆಯು ಎದ್ದು ಕಾಣುತ್ತದೆ. ಮುದ್ರೆಯಿರುವ ಪತ್ರವು ನಿಜವಾದ ಪತ್ರ ಎಂಬುದು ಆ ಕಾಲದ ಆಡಳಿತದ ಉತ್ಸರ್ಗ, ಎಂದರೆ ಸಾಮಾನ್ಯ ನಿಯಮ. ದಿನವೂ ಬರುತ್ತಿದ್ದ ನಿಜವಾದ ಪತ್ರಗಳ ವಿಷಯದಲ್ಲಿ ಈ ನಿಯಮವು ತಪ್ಪದೆ ನಡೆದುದರಿಂದ ಅದರ ಮೇಲೆ ಎಲ್ಲರಿಗೂ ನಂಬಿಕೆ ಬೆಳೆದಿದ್ದಿತು. ಮುದ್ರೆಯಿದ್ದೂ ಸುಳ್ಳಾದ ಪತ್ರವು ಬಂದರೆ ಅದನ್ನು ತಡೆದು ನಿಲ್ಲಿಸುವ ಘಟ್ಟವು ಎಲ್ಲಿಯೂ ಇರಲಿಲ್ಲ.

ಅಂತಹ ಘಟ್ಟಗಳು ಅಸಾಧ್ಯವಾಗಿರಲಿಲ್ಲ. ಮುದ್ರೆ ಕಾಯುವವನು ಬರಹವಿಲ್ಲದ ಕಾಗದಕ್ಕೆ ಮುದ್ರೆಯೊತ್ತಲು ನಿರಾಕರಿಸಬಹುದಾಗಿದ್ದಿತು. ಅದು ಮೊದಲನೆಯ ಘಟ್ಟ. ಪತ್ರವನ್ನು ಒಯ್ಯುತ್ತಿದ್ದವನನ್ನೂ ಲಿಪಿಕಾರನನ್ನೂ ಹಾಜರುಪಡಿಸದೆ ಪತ್ರವನ್ನು ಸಾಕ್ಷ್ಯವಾಗಿ ಸ್ವೀಕರಿಸದಿರುವುದು ಎರಡನೆಯದು. ಆರೋಪಿಯು ಮುದ್ರೆಯನ್ನು ಒಪ್ಪಿ ಬರಹವನ್ನು ಅಲ್ಲಗಳೆದ ಕ್ಷಣದಲ್ಲಿ ತೀರ್ಪನ್ನು ತಡೆಹಿಡಿದು ಮುದ್ರೆ ಕಾಯುವವನನ್ನು ವಿಚಾರಿಸುವುದು ಮೂರನೆಯದು. ಗಾವಾನನ ಉತ್ತರವು ಪ್ರಕರಣವು ಸಾಮಾನ್ಯ ನಿಯಮದ ವ್ಯಾಪ್ತಿಯನ್ನು ಮೀರಿದೆಯೆಂಬುದರ ಸ್ಪಷ್ಟ ಸೂಚನೆಯಾಗಿದ್ದಿತು. ಅದನ್ನು ಸೂಚನೆಯೆಂದು ಗ್ರಹಿಸುವವರು ಅಲ್ಲಿ ಇರಲಿಲ್ಲ.

4. ಗಣಕಯಂತ್ರದಲ್ಲಿ ಅಪವಾದ

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಗಣಕಯಂತ್ರಗಳು ಬಳಕೆಗೆ ಬಂದಾಗ ಇದೇ ಸಮಸ್ಯೆಯು ಹೊಸ ರೂಪದಲ್ಲಿ ತಲೆದೋರಿತು. ಯಂತ್ರಕ್ಕೆ ಸಂಶಯವೆಂಬುದಿಲ್ಲ, ಕೊಟ್ಟ ಸಂಖ್ಯೆಯನ್ನು ಕೊಟ್ಟ ರೀತಿಯಲ್ಲಿ ಸಂಸ್ಕರಿಸಿ ಮುಂದಕ್ಕೆ ಸಾಗಿಸುತ್ತದೆ. ಸೊನ್ನೆಯಿಂದ ಭಾಗಿಸಬೇಕಾದಾಗ, ಸಂಖ್ಯೆಯು ತನಗೆ ಮೀಸಲಾದ ಸ್ಥಳವನ್ನು ಮೀರಿದಾಗ, ಬೇಕಾದ ಕಡತವು ದೊರೆಯದಾದಾಗ ಏನು ಮಾಡಬೇಕೆಂಬುದನ್ನು ಮೊದಲೇ ವಿಧಿಸಿಡಬೇಕಾಯಿತು. 1964ರಲ್ಲಿ ರೂಪುಗೊಂಡ ಪಿಎಲ್ ಒನ್ ಎಂಬ ಭಾಷೆಯಲ್ಲಿ ಇಂತಹ ಸಂದರ್ಭಗಳಿಗೆ ಪ್ರತ್ಯೇಕ ವಿಧಿಗಳಿದ್ದವು. 1975ರಲ್ಲಿ ಜಾನ್ ಗುಡ್‌ಇನಫ್ ಎಂಬ ವಿದ್ವಾಂಸರು ಪ್ರಕಟಿಸಿದ ಲೇಖನವು ಈ ವಿಷಯಕ್ಕೆ ಶಾಸ್ತ್ರೀಯ ನೆಲೆಯನ್ನು ಒದಗಿಸಿತು. ಅದೇ ದಶಕದಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಅವರ ಸಂಗಡಿಗರು ರಚಿಸಿದ ಸಿಎಲ್‌ಯು ಭಾಷೆಯೂ, 1983ರಲ್ಲಿ ಸ್ಥಿರರೂಪ ಪಡೆದ ಅಡಾ ಭಾಷೆಯೂ, 1995ರಲ್ಲಿ ಹೊರಬಂದ ಜಾವಾ ಭಾಷೆಯೂ ಅಪವಾದವನ್ನು ತಮ್ಮ ರಚನೆಯ ಅಂಗವನ್ನಾಗಿ ಮಾಡಿಕೊಂಡವು.

ಇದರ ತತ್ತ್ವವು ಸರಳವಾದುದು. ಕ್ರಮವಿಧಿಯ ಒಂದು ಭಾಗವು ತನ್ನಿಂದ ನಿರ್ವಹಿಸಲಾಗದ ಸ್ಥಿತಿಯನ್ನು ಕಂಡೊಡನೆ ಕೆಲಸವನ್ನು ನಿಲ್ಲಿಸಿ ಅಪವಾದವೊಂದನ್ನು 'ಎಸೆಯುತ್ತದೆ'. ತನ್ನನ್ನು ಕರೆದ ಮೇಲಿನ ಭಾಗಗಳಲ್ಲಿ ಯಾವುದಾದರೊಂದು ಅದನ್ನು 'ಹಿಡಿದು' ತಕ್ಕ ಕ್ರಮ ಕೈಗೊಳ್ಳಬೇಕು. ಯಾರೂ ಹಿಡಿಯದಿದ್ದರೆ ಸಾಮಾನ್ಯವಾಗಿ ಕ್ರಮವಿಧಿಯೇ ನಿಂತುಹೋಗುತ್ತದೆ.

ನಮ್ಮ ರೈತರ ವ್ಯವಹಾರದಿಂದಲೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಜಮೀನಿನ ವಿಸ್ತೀರ್ಣವನ್ನು ಎಕರೆ-ಗುಂಟೆಗಳಲ್ಲಿ ಬರೆದುಕೊಳ್ಳುವ ಕ್ರಮವಿಧಿಯೊಂದಿದೆಯೆನ್ನಿ. 40 ಗುಂಟೆಗೆ ಒಂದು ಎಕರೆಯಾದುದರಿಂದ ಗುಂಟೆಯ ಅಂಕಣದಲ್ಲಿ 39ಕ್ಕಿಂತ ಹೆಚ್ಚಿನ ಪೂರ್ಣಾಂಕವು ಬರಕೂಡದು. ಯಾರಾದರೂ 45 ಎಂದು ಬರೆದರೆ ಕ್ರಮವಿಧಿಯು ಮೂರು ವಿಧದಲ್ಲಿ ವರ್ತಿಸಬಹುದು. ಮೌನವಾಗಿ 45ನ್ನೇ ದಾಖಲಿಸಬಹುದು. ತಾನೇ ಊಹಿಸಿ 1 ಎಕರೆ 5 ಗುಂಟೆಯೆಂದು ಪರಿವರ್ತಿಸಬಹುದು. ಇಲ್ಲವೆ ಅಪವಾದವನ್ನೆಸೆದು ನಿರಾಕರಿಸಬಹುದು. ಬರೆದವನು 4 ಅಥವಾ 5 ಎಂದು ಬರೆಯಹೋಗಿ ಎರಡನ್ನೂ ಒತ್ತಿರಬಹುದಾದುದರಿಂದ ನಿರಾಕರಣೆಯೇ ಇಲ್ಲಿ ನ್ಯಾಯವಾದ ಮಾರ್ಗ. ಆ ನಿರಾಕರಣೆಯು ನಿಜವಾಗಿ ಸಂಭವಿಸುತ್ತದೆಯೇ ಎಂಬುದನ್ನು ರೈತನ ದಾಖಲೆಯು ಕೆಡುವುದಕ್ಕೆ ಮೊದಲೇ ತಿಳಿಯುವುದು ಹೇಗೆ?

5. ಪರೀಕ್ಷೆಯ ಮೂರು ವಿಧಾನಗಳು

ಕ್ರಮವಿಧಿಯ ಒಂದೊಂದು ಸಣ್ಣ ಭಾಗವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದಕ್ಕೆ 'ಘಟಕ ಪರೀಕ್ಷೆ' ಎಂದು ಹೆಸರು. 1994ರಲ್ಲಿ ಕೆಂಟ್ ಬೆಕ್ ಅವರು ಸ್ಮಾಲ್‌ಟಾಕ್ ಭಾಷೆಗಾಗಿ ಎಸ್‌ಯೂನಿಟ್ ಎಂಬ ಪರೀಕ್ಷಾ ಚೌಕಟ್ಟನ್ನು ಪ್ರಕಟಿಸಿದರು. 1997ರಲ್ಲಿ ಅವರೂ ಎರಿಕ್ ಗಾಮಾ ಅವರೂ ವಿಮಾನ ಪ್ರಯಾಣ ಮಾಡುತ್ತಿರುವಾಗ ಜಾವಾ ಭಾಷೆಗಾಗಿ ಜೆಯೂನಿಟ್ ಎಂಬುದನ್ನು ಆರಂಭಿಸಿದರು. ನಿರಾಕರಣೆಯನ್ನು ಪರೀಕ್ಷಿಸುವ ವಿಧಾನವು ಈ ಚೌಕಟ್ಟಿನಲ್ಲಿ ಮೂರು ಘಟ್ಟಗಳಲ್ಲಿ ಬೆಳೆಯಿತು. ಪ್ರತಿಯೊಂದು ಘಟ್ಟವೂ ಹಿಂದಿನದರ ಒಂದು ದೋಷವನ್ನು ಪರಿಹರಿಸಿದುದರಿಂದ ಅವುಗಳನ್ನು ಅನುಕ್ರಮವಾಗಿ ನೋಡುವುದು ಉಚಿತ.

ಮೊದಲನೆಯ ವಿಧಾನದಲ್ಲಿ ಪರೀಕ್ಷಕನು 45 ಗುಂಟೆಯನ್ನು ಕೊಡುವ ಸಾಲನ್ನು ಬರೆದು, ಅದರ ಕೆಳಗೆ 'ಇಲ್ಲಿಯವರೆಗೆ ಬಂದರೆ ಅನುತ್ತೀರ್ಣ' ಎಂಬ ಸಾಲನ್ನಿಟ್ಟು, ಬಳಿಕ ಅಪವಾದವನ್ನು ಹಿಡಿಯುವ ಏರ್ಪಾಡು ಮಾಡುತ್ತಾನೆ. ನಿರಾಕರಣೆ ಬಂದರೆ ಮಧ್ಯದ ಸಾಲು ತಪ್ಪಿ ಪರೀಕ್ಷೆಯು ಉತ್ತೀರ್ಣವಾಗುತ್ತದೆ. ಆದರೆ ಆ ಮಧ್ಯದ ಸಾಲನ್ನು ಬರೆಯಲು ಮರೆತರೆ, ಕ್ರಮವಿಧಿಯು ನಿರಾಕರಿಸಿದರೂ ಉತ್ತೀರ್ಣ, ನಿರಾಕರಿಸದಿದ್ದರೂ ಉತ್ತೀರ್ಣ! ಕಾವಲುಗಾರನು ಎಚ್ಚರವಾಗಿದ್ದಾನೆಯೇ ಎಂದು ನೋಡಹೋದವನು, ಯಾರೂ ತಡೆಯಲಿಲ್ಲವಾಗಿ ತೊಂದರೆಯೇನೂ ಆಗಲಿಲ್ಲವೆಂದು ವರದಿ ಮಾಡಿದಂತೆ ಇದು. ಪರೀಕ್ಷೆಯಿಲ್ಲದಿರುವುದಕ್ಕಿಂತಲೂ ಇಂತಹ ಪರೀಕ್ಷೆಯು ಹೆಚ್ಚು ಅಪಾಯಕರ. ಏಕೆಂದರೆ ಇದು ಇಲ್ಲದ ಭರವಸೆಯನ್ನು ಹುಟ್ಟಿಸುತ್ತದೆ.

2006ರಲ್ಲಿ ಬಂದ ಜೆಯೂನಿಟ್ 4ರಲ್ಲಿ ಎರಡನೆಯ ವಿಧಾನವು ಆಚರಣೆಗೆ ಬಂದಿತು. ಪರೀಕ್ಷೆಯ ತಲೆಯ ಮೇಲೆಯೇ 'ಇಂತಹ ಬಗೆಯ ಅಪವಾದವು ನಿರೀಕ್ಷಿತ' ಎಂದು ಬರೆದರಾಯಿತು. ಬಾರದಿದ್ದರೆ ಚೌಕಟ್ಟೇ ಪರೀಕ್ಷೆಯನ್ನು ಅನುತ್ತೀರ್ಣವೆಂದು ಸಾರುತ್ತದೆ. ಮರೆವಿನ ದೋಷವು ಇದರಿಂದ ನೀಗಿತು. ಆದರೆ ಇನ್ನೊಂದು ದೋಷ ಕಾಣಿಸಿಕೊಂಡಿತು. ಪರೀಕ್ಷೆಯು ಮೊದಲು ಸರ್ವೆ ನಂಬರನ್ನೂ ಹಿಡುವಳಿದಾರನ ಹೆಸರನ್ನೂ ಸಿದ್ಧಪಡಿಸಿ ಆಮೇಲೆ ಗುಂಟೆಯನ್ನು ಕೊಡುತ್ತದೆಯೆನ್ನಿ. ಸರ್ವೆ ನಂಬರಿನ ಸಿದ್ಧತೆಯಲ್ಲಿಯೇ ಅದೇ ಬಗೆಯ ಅಪವಾದವೆದ್ದರೆ ಗುಂಟೆಯ ಸರದಿಯೇ ಬರುವುದಿಲ್ಲ. ಆದರೂ ಪರೀಕ್ಷೆ ಉತ್ತೀರ್ಣವಾಗುತ್ತದೆ. ನಿರಾಕರಣೆಯೇನೋ ಬಂದಿತು, ಆದರೆ ಬೇರೊಂದು ಕಾರಣಕ್ಕೆ.

ಮೂರನೆಯ ವಿಧಾನವು 2017ರ ಜೆಯೂನಿಟ್ 5ರಲ್ಲಿ 'ಅಸರ್ಟ್ ಥ್ರೋಸ್' ಎಂಬ ಹೆಸರಿನಿಂದ ಬಂದಿತು. 2020ರಲ್ಲಿ ಹೊರಬಂದ 4.13ನೆಯ ಆವೃತ್ತಿಯಲ್ಲಿಯೂ ಅದನ್ನು ಸೇರಿಸಲಾಯಿತು. ಪೈಥಾನ್ ಭಾಷೆಯ ಪರೀಕ್ಷಾ ಚೌಕಟ್ಟಿನಲ್ಲಿ 'ಅಸರ್ಟ್ ರೇಸಸ್' ಎಂಬ ಇದೇ ಬಗೆಯ ಸಾಧನವು ಇದಕ್ಕೂ ಮುಂಚಿನಿಂದ ಇದ್ದಿತು. ಇಲ್ಲಿ ನಿರೀಕ್ಷೆಯನ್ನು ಇಡೀ ಪರೀಕ್ಷೆಗೆ ಹೊಂದಿಸದೆ, ಯಾವ ಒಂದು ಕ್ರಿಯೆಯು ನಿರಾಕರಣೆಗೆ ಗುರಿಯಾಗಬೇಕೋ ಆ ಕ್ರಿಯೆಗೆ ಮಾತ್ರ ಬಿಗಿಯಲಾಗುತ್ತದೆ. ಹಿಡಿದ ಅಪವಾದವು ಪರೀಕ್ಷಕನ ಕೈಗೆ ಬರುವುದರಿಂದ ಅದರ ಬಗೆಯನ್ನೂ ಅದು ಹೊತ್ತ ಸಂದೇಶವನ್ನೂ ಪರಿಶೀಲಿಸಬಹುದು.

ಈ ಬೆಳವಣಿಗೆಯಿಂದ ಕೆಲವು ಸೂತ್ರಗಳು ನಿಷ್ಪನ್ನವಾಗುತ್ತವೆ. ನಿರಾಕರಣೆ ಬಂದರೆ ಸಾಲದು, ನಿರೀಕ್ಷಿಸಿದ ಸ್ಥಳದಲ್ಲಿ ನಿರೀಕ್ಷಿಸಿದ ಕಾರಣಕ್ಕೆ ಬರಬೇಕು. ಎಲ್ಲೆಯ ಎರಡೂ ಬದಿಗಳನ್ನು ನೋಡಬೇಕು. 40 ತಿರಸ್ಕೃತವಾಗಬೇಕು, 39 ಸ್ವೀಕೃತವಾಗಬೇಕು. ನಿರಾಕರಣೆಯಾದ ಬಳಿಕ ಹಿಂದಿದ್ದ ದಾಖಲೆಯು ಇದ್ದಂತೆಯೇ ಇರಬೇಕು. ಕೊನೆಯದಾಗಿ, ಪರೀಕ್ಷೆಯನ್ನೂ ಪರೀಕ್ಷಿಸಬೇಕು: ಕ್ರಮವಿಧಿಯಲ್ಲಿರುವ ತಡೆಯನ್ನು ಬೇಕೆಂದೇ ಕಿತ್ತು, ಆಗ ಪರೀಕ್ಷೆಯು ಅನುತ್ತೀರ್ಣವಾಗುತ್ತದೆಯೇ ಎಂದು ನೋಡಬೇಕು. ಈ ಕೊನೆಯ ಉಪಾಯವನ್ನು 1978ರಲ್ಲಿ ಡಿಮಿಲ್ಲೊ, ಲಿಪ್ಟನ್ ಮತ್ತು ಸೇವರ್ಡ್ ಎಂಬ ಮೂವರು ವಿದ್ವಾಂಸರು ವಿಶದಪಡಿಸಿದರು. ಅದಕ್ಕೆ 'ಮ್ಯುಟೇಶನ್ ಪರೀಕ್ಷೆ' ಎಂದು ಹೆಸರಿದ್ದರೂ, ಅದಕ್ಕೂ ನಮ್ಮ ತಹಸೀಲು ಕಚೇರಿಯ ಮ್ಯುಟೇಶನ್ನಿಗೂ ಹೆಸರಿನ ಹೊರತು ಸಂಬಂಧವಿಲ್ಲ.

6. ಅಪವಾದವು ಎದ್ದರೂ ಹಿಡಿಯುವವರಿಲ್ಲದಾಗ

ಬೀದರದಲ್ಲಿ ಸುಳ್ಳನ್ನು ತಡೆಯುವ ಅಪವಾದವೇ ಏಳಲಿಲ್ಲ. ಇದಕ್ಕೆ ಪ್ರತಿಯಾದ ಪ್ರಸಂಗವೊಂದು 1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೂರೂ ನೆಲೆಯಲ್ಲಿ ನಡೆಯಿತು. ಅಲ್ಲಿಂದ ಮೊದಲ ಬಾರಿಗೆ ಹಾರಿದ ಏರಿಯೇನ್ 5 ಎಂಬ ಯುರೋಪಿನ ರಾಕೆಟ್ಟು ತನ್ನ ಹಾರಾಟದ ಕ್ರಮವನ್ನಾರಂಭಿಸಿದ ಸುಮಾರು 40 ಸೆಕೆಂಡುಗಳಲ್ಲಿ ಹಾದಿ ತಪ್ಪಿ ನಾಶವಾಯಿತು. ಅದರ ದಿಕ್ಸೂಚಕ ಯಂತ್ರದ ಕ್ರಮವಿಧಿಯನ್ನು ಹಿಂದಿನ ಏರಿಯೇನ್ 4ರಿಂದ ತೆಗೆದುಕೊಳ್ಳಲಾಗಿದ್ದಿತು. ಹೊಸ ರಾಕೆಟ್ಟಿನ ಸಮತಲ ವೇಗವು ಹೆಚ್ಚಾಗಿದ್ದುದರಿಂದ, 64 ಬಿಟ್ಟುಗಳ ಸಂಖ್ಯೆಯೊಂದನ್ನು 16 ಬಿಟ್ಟುಗಳ ಸ್ಥಳಕ್ಕೆ ಇಳಿಸುವಾಗ ಅದು ಹಿಡಿಸದೆ ಅಪವಾದವೆದ್ದಿತು. ಇಂತಹ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ರಕ್ಷಣೆಯಿದ್ದಿತು, ಮೂರಕ್ಕೆ ಇರಲಿಲ್ಲ. ಈ ಸಂಖ್ಯೆಯು ಆ ಮೂರರಲ್ಲಿ ಒಂದು. ಅಪವಾದವನ್ನು ಹಿಡಿದು ನಿಭಾಯಿಸುವ ವಿಧಿಯಿಲ್ಲದುದರಿಂದ ಯಂತ್ರವು ತಾನಾಗಿ ನಿಂತಿತು. ಮೀಸಲು ಯಂತ್ರದಲ್ಲಿಯೂ ಅದೇ ಕ್ರಮವಿಧಿಯಿದ್ದುದರಿಂದ ಅದು ಕ್ಷಣಮಾತ್ರ ಮೊದಲೇ ನಿಂತುಹೋಗಿದ್ದಿತು. ನಿಂತ ಯಂತ್ರವು ಕಳುಹಿಸಿದ ದೋಷಸೂಚನೆಯನ್ನು ರಾಕೆಟ್ಟಿನ ಮುಖ್ಯ ಗಣಕವು ಹಾರಾಟದ ಅಂಕಿಗಳೆಂದೇ ಭಾವಿಸಿತು.

ಜಾಕ್ ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ವಿಚಾರಣಾ ಮಂಡಲಿಯು, ಏರಿಯೇನ್ 5ರ ನಿಜವಾದ ಪಥದ ಅಂಕಿಗಳನ್ನು ಕೊಟ್ಟು ಈ ಯಂತ್ರವನ್ನು ಮೊದಲೇ ಪರೀಕ್ಷಿಸಿರಲಿಲ್ಲವೆಂಬುದನ್ನು ಎತ್ತಿ ತೋರಿಸಿತು. ಅಪವಾದವು ಏಳುತ್ತದೆಯೇ ಎಂಬುದರ ಜೊತೆಗೆ, ಎದ್ದ ಮೇಲೆ ಏನಾಗುತ್ತದೆಂಬುದನ್ನೂ ಪರೀಕ್ಷಿಸಬೇಕೆಂಬ ಪಾಠವನ್ನು ಈ ಪ್ರಸಂಗವು ಕಲಿಸುತ್ತದೆ. ಕೊಂಡಪಲ್ಲಿಯ ಪಾಳೆಯದಲ್ಲಿಯೂ ಗಾವಾನನ ಉತ್ತರವೆಂಬ ಸೂಚನೆಯೊಂದು ಎದ್ದಿದ್ದಿತು; ಹಿಡಿಯುವವರಿರಲಿಲ್ಲ.

7. ಅತಿ ನಿರಾಕರಣೆಯ ದೋಷ

ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಈ ಪದ್ಧತಿಯು ತೀರ ಅಪರಿಚಿತವಲ್ಲ. ಶಾಸನಗಳ ಪರೀಕ್ಷೆಯಲ್ಲಿ ನಾವೂ ಇದನ್ನೇ ಮಾಡುತ್ತೇವೆ. ತಿಥಿಗೂ ವಾರಕ್ಕೂ ಹೊಂದಿಕೆಯಾಗದಿದ್ದರೆ, ಲಿಪಿಯು ಹೇಳಿದ ಕಾಲಕ್ಕಿಂತ ಈಚಿನದಾಗಿದ್ದರೆ ತಾಮ್ರಪಟವನ್ನು ಕೂಟವೆಂದು ತಳ್ಳುತ್ತೇವೆ. ಗಂಗರ ತಾಮ್ರಶಾಸನಗಳಲ್ಲಿ ಅನೇಕವನ್ನು ಜೆ.ಎಫ್. ಫ್ಲೀಟ್ ಅವರು ಈ ಆಧಾರಗಳಿಂದಲೇ ಕೂಟವೆಂದರು, ಬಿ.ಎಲ್. ರೈಸ್ ಅವರು ಅವುಗಳನ್ನು ಸಮರ್ಥಿಸಿದರು. ವಾದವು ದೀರ್ಘವಾಗಿ ನಡೆಯಿತು. ಎಲ್ಲವನ್ನೂ ತಿರಸ್ಕರಿಸುವ ಜರಡಿಯು ಏನನ್ನೂ ತಿರಸ್ಕರಿಸದ ಜರಡಿಯಷ್ಟೇ ನಿರುಪಯುಕ್ತ. ಪೆನುಕೊಂಡೆಯ ಗಂಗ ಶಾಸನವು ಬೆಳಕಿಗೆ ಬಂದಾಗ ಫ್ಲೀಟ್ ಅವರೇ ಅದನ್ನು ನೈಜವೆಂದು ಒಪ್ಪಿದರು. ತಮ್ಮ ಜರಡಿಯು ತಿರಸ್ಕರಿಸುವಂತೆ ಸ್ವೀಕರಿಸಲೂ ಬಲ್ಲದೆಂಬುದನ್ನು ಅವರು ಹೀಗೆ ತೋರಿಸಿದುದರಿಂದ ಅವರ ನಿರಾಕರಣೆಗಳಿಗೂ ತೂಕ ಬಂದಿತು. 40ನ್ನು ತಳ್ಳುವ ಪರೀಕ್ಷೆಯ ಪಕ್ಕದಲ್ಲಿ 39ನ್ನು ಒಪ್ಪುವ ಪರೀಕ್ಷೆಯಿರಬೇಕೆಂಬುದರ ಅರ್ಥ ಇದೇ.

8. ಉಪಸಂಹಾರ

ಗಾವಾನನು ಅಳೆಯಿಸತೊಡಗಿದ ಭೂಮಿಯ ದಾಖಲೆಗಳು ಇಂದು ಗಣಕಯಂತ್ರದಲ್ಲಿವೆ. ಕರ್ನಾಟಕ ಸರ್ಕಾರವು 'ಭೂಮಿ' ಯೋಜನೆಯ ಮೂಲಕ ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಅಳವಡಿಸಿತು. ಬೀದರ, ಭಾಲ್ಕಿ, ಔರಾದ ತಾಲೂಕುಗಳ ರೈತರೂ ಇದೇ ವ್ಯವಸ್ಥೆಗೆ ಒಳಪಟ್ಟವರು. ದಾಖಲೆಯನ್ನು ಬದಲಿಸುವ ನೌಕರನು ತನ್ನ ಬೆರಳಚ್ಚನ್ನು ಕೊಟ್ಟಲ್ಲದೆ ಮುಂದುವರಿಯಲಾಗದೆಂಬ ಏರ್ಪಾಡು ಈ ಯೋಜನೆಯಲ್ಲಿ ಬಂದಿತು. ಮುದ್ರೆಯನ್ನು ಯಾರ ಕೈಯೂ ಒತ್ತಬಹುದು. ಬೆರಳು ಅದರ ಒಡೆಯನದೇ ಆಗಿರಬೇಕು. ಅದಕ್ಕೂ ಹಿಂದಿನ 1964ರ ಭೂ ಕಂದಾಯ ಅಧಿನಿಯಮದಲ್ಲಿ, ಹಕ್ಕು ಬದಲಾವಣೆಗೆ ಮೊದಲು ನೋಟೀಸು ಕೊಟ್ಟು, ತಕರಾರು ಬಂದರೆ ಅದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ದಾಖಲಿಸಿ ವಿಚಾರಣೆ ನಡೆಸಬೇಕೆಂಬ ವಿಧಿಯಿದ್ದಿತು. ತಕರಾರು ಎಂಬುದು ಕಾನೂನಿನಲ್ಲಿ ಎದ್ದ ಅಪವಾದ. ರಿಜಿಸ್ಟರು ಅದನ್ನು ಹಿಡಿಯುವ ಕೈ.

ಹಾಗೆಂದು ಸಾದೃಶ್ಯವನ್ನು ಮಿತಿಮೀರಿ ಎಳೆಯಬಾರದು. ಆಸ್ಥಾನದ ದ್ವೇಷಗಳು ಯಂತ್ರದಲ್ಲಿಲ್ಲ. ತಕ್ಕ ತಡೆಗಳಿದ್ದರೂ ಗಾವಾನನು ಉಳಿಯುತ್ತಿದ್ದನೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಒಂದು ಮಾತನ್ನು ನಿಸ್ಸಂಶಯವಾಗಿ ಹೇಳಬಹುದು. ಮೋಸವನ್ನು ತಡೆಯುವುದಕ್ಕೆಂದೇ ಇದ್ದ ಮುದ್ರೆಯನ್ನು ಒಂದು ದಿನವಾದರೂ ಯಾರೊಬ್ಬ ಹಿತೈಷಿಯು ಬರಿಯ ಕಾಗದವನ್ನು ಹಿಡಿದುಕೊಂಡು ಹೋಗಿ ಪರೀಕ್ಷಿಸಿದ್ದರೆ, ಅದರ ದೌರ್ಬಲ್ಯವು ವೈರಿಗಳಿಗಿಂತ ಮೊದಲು ಒಡೆಯನಿಗೆ ತಿಳಿಯುತ್ತಿದ್ದಿತು. ನಿರಾಕರಣೆಯ ಪರೀಕ್ಷೆಯ ಪ್ರಯೋಜನವು ಇದೇ: ಶತ್ರುವು ಕೇಳುವ ಪ್ರಶ್ನೆಯನ್ನು ಮಿತ್ರನು ಮೊದಲು ಕೇಳುವುದು. ಗಣಕ ಶಾಸ್ತ್ರವನ್ನು ಕಲಿಸುವವರು ಇದನ್ನು ತಮ್ಮ ವಿದ್ಯಾರ್ಥಿಗಳಿಗೆ ನಿಯಮದೊಡನೆಯೇ ಬೋಧಿಸುವುದೂ, ಇತಿಹಾಸವನ್ನು ಕಲಿಸುವವರು ತಮ್ಮ ಆಧಾರಗಳ ವಿಷಯದಲ್ಲಿ ಇದನ್ನು ಮರೆಯದಿರುವುದೂ ಅವಶ್ಯಕವೆಂದು ನಮ್ಮ ಅಭಿಪ್ರಾಯ.